ಯುದ್ಧದಲ್ಲಿ 'ಮುನ್ನಡೆ' ಎಂದರೆ ಏನು? ರಷ್ಯಾ–ಉಕ್ರೇನ್ ಹೇಳಿಕೆಗಳನ್ನು ಓದುವುದು ಹೇಗೆ?

2025ರ ನವೆಂಬರ್ 20. ರಷ್ಯಾ ಸೇನಾ ಮುಖ್ಯಸ್ಥ ಜನರಲ್ ವಲೇರಿ ಗೆರಾಸಿಮೊವ್ ಅವರು ಅಧ್ಯಕ್ಷ ವ್ಲಾದಿಮಿರ್ ಪುಟಿನ್ ಅವರಿಗೆ ಯುದ್ಧದ ವರದಿ ಒಪ್ಪಿಸಿದರು. ಉಕ್ರೇನ್‌ನ ಖಾರ್ಕಿವ್ ಪ್ರಾಂತ್ಯದ ಕುಪಿಯಾನ್ಸ್ಕ್ ನಗರ ತಮ್ಮ ವಶವಾಗಿದೆ ಎಂಬುದು ಅದರ ಮುಖ್ಯ ಅಂಶ. ಉಕ್ರೇನ್ ಸೇನೆ ಇದನ್ನು ಕೂಡಲೇ ಅಲ್ಲಗಳೆಯಿತು. 22 ದಿನ ಕಳೆದ ಮೇಲೆ, ಡಿಸೆಂಬರ್ 12ರಂದು, ಉಕ್ರೇನ್ ಅಧ್ಯಕ್ಷ ವೊಲೊಡಿಮಿರ್ ಝೆಲೆನ್‌ಸ್ಕಿ ಅದೇ ಕುಪಿಯಾನ್ಸ್ಕ್‌ನ ಹೆಸರಿರುವ ದೊಡ್ಡ ಫಲಕದ ಮುಂದೆ ನಿಂತು ತಾವೇ ಮಾತನಾಡಿದ ವಿಡಿಯೊ ಬಿಡುಗಡೆ ಮಾಡಿದರು. ಆ ಫಲಕ ಇರುವುದು ಊರಿನ ಹೊರಗೆ ಎಂದು ಪುಟಿನ್ ಬಳಿಕ ತಿರುಗೇಟು ನೀಡಿದರು.

ಒಂದೇ ನಗರ, ಒಂದೇ ತಿಂಗಳು, ಎರಡು ಅಧಿಕೃತ ಹೇಳಿಕೆ. ದೂರದಲ್ಲಿ ಕುಳಿತು ಮೊಬೈಲ್‌ನಲ್ಲಿ ಸುದ್ದಿ ಓದುವವರು ಯಾವುದನ್ನು ನಂಬಬೇಕು?

2022ರ ಫೆಬ್ರುವರಿ 24ರಂದು ಆರಂಭವಾದ ಈ ಯುದ್ಧದಲ್ಲಿ ಇಂಥ ಹೇಳಿಕೆಗಳಿಗೆ ಕೊರತೆಯಿಲ್ಲ. 'ಗುರಿ ಸಾಧಿಸಿದ್ದೇವೆ', 'ಶತ್ರುವಿಗೆ ಭಾರಿ ಹಾನಿ', 'ಯೋಜನೆಯಂತೆ ಸಾಗುತ್ತಿದೆ' ಎಂಬ ಮಾತುಗಳು ಪ್ರತಿದಿನ ಬರುತ್ತಿವೆ. ಇವುಗಳಲ್ಲಿ ಕೆಲವು ನಿಜವಾಗಿವೆ, ಕೆಲವು ಅರ್ಧಸತ್ಯ, ಕೆಲವು ಪೂರ್ತಿ ಸುಳ್ಳಾಗಿವೆ. ಯಾವ ಹೇಳಿಕೆಯನ್ನು ಹೇಗೆ ಪರೀಕ್ಷಿಸಲಾಯಿತು, ಪರೀಕ್ಷೆಯಲ್ಲಿ ಏನು ಕಂಡುಬಂತು ಎಂಬ ಮಾಹಿತಿ ಇಲ್ಲಿದೆ.

ಹೇಳಿಕೆಗೆ ಇಷ್ಟೊಂದು ಬೆಲೆ ಏಕೆ?

ಕುಪಿಯಾನ್ಸ್ಕ್ ವಿಷಯವನ್ನೇ ನೋಡಿ. ಗೆರಾಸಿಮೊವ್ ಹೇಳಿಕೆ ಬಂದ ಅದೇ ವಾರ ಅಮೆರಿಕದ 28 ಅಂಶಗಳ ಶಾಂತಿ ಪ್ರಸ್ತಾವನೆ ಬೆಳಕಿಗೆ ಬಂದಿತ್ತು. ಡೊನೆಟ್ಸ್ಕ್ ಪ್ರಾಂತ್ಯದಲ್ಲಿ ತನ್ನ ಹಿಡಿತದಲ್ಲೇ ಉಳಿದಿರುವ ಭಾಗದಿಂದಲೂ ಉಕ್ರೇನ್ ಹಿಂದೆ ಸರಿಯಬೇಕು ಎಂಬ ಅಂಶ ಅದರಲ್ಲಿತ್ತು. 'ಹೇಗಿದ್ದರೂ ನಾವು ಗೆಲ್ಲುತ್ತೇವೆ, ಈಗಲೇ ಬಿಟ್ಟುಕೊಡಿ' ಎನ್ನುವವರಿಗೆ ಊರುಗಳು ಒಂದೊಂದಾಗಿ ಬೀಳುತ್ತಿವೆ ಎಂದು ತೋರಿಸುವುದು ಮುಖ್ಯ. 'ನಾವಿನ್ನೂ ನಿಂತಿದ್ದೇವೆ, ಶಸ್ತ್ರಾಸ್ತ್ರ ಕೊಡಿ' ಎನ್ನುವವರಿಗೆ ಊರು ಬಿದ್ದಿಲ್ಲ ಎಂದು ತೋರಿಸುವುದು ಅಷ್ಟೇ ಮುಖ್ಯ.

ಅಂದರೆ ಮುನ್ನಡೆಯ ಹೇಳಿಕೆ ಬರೀ ಮಾಹಿತಿಯಲ್ಲ. ಅದು ಮಾತುಕತೆಯ ಮೇಜಿನ ಮೇಲಿಡುವ ನಾಣ್ಯ. ಸ್ವಂತ ಜನರ ಧೈರ್ಯ ಉಳಿಸಲು, ಹೊಸಬರನ್ನು ಸೇನೆಗೆ ಸೇರಿಸಲು, ಮಿತ್ರರಾಷ್ಟ್ರಗಳ ಸಂಸತ್ತಿನಲ್ಲಿ ಹಣ ಮಂಜೂರು ಮಾಡಿಸಲು ಅದೇ ನಾಣ್ಯ ಬಳಕೆಯಾಗುತ್ತದೆ. ಆದ್ದರಿಂದಲೇ ಅದು ಅಸಲಿಯೋ ನಕಲಿಯೋ ಎಂದು ನೋಡಬೇಕಾಗುತ್ತದೆ.

ಮೊದಲ ಅಳತೆಗೋಲು: ನೆಲ

ಯುದ್ಧದ ಮುನ್ನಡೆಯನ್ನು ಸಾಮಾನ್ಯವಾಗಿ ಅಳೆಯುವುದು ಎಷ್ಟು ನೆಲ ವಶವಾಯಿತು ಎಂಬುದರಿಂದ. ಇಲ್ಲಿ ಮೊದಲ ಸಮಸ್ಯೆ 'ವಶ' ಎಂಬ ಪದದ್ದೇ. ಹಳ್ಳಿಯೊಂದರ ಕಟ್ಟಡದ ಮೇಲೆ ನಾಲ್ಕು ಸೈನಿಕರು ಬಾವುಟ ಹಾರಿಸಿದ ವಿಡಿಯೊ ಬಂದರೆ, ಆ ಕ್ಷಣ ಅವರು ಅಲ್ಲಿದ್ದರು ಎಂಬುದಷ್ಟೇ ಸಾಬೀತಾಗುತ್ತದೆ. ಸಂಜೆಯವರೆಗೆ ಅವರು ಅಲ್ಲೇ ಉಳಿದರೇ, ಅವರಿಗೆ ಆಹಾರ, ಮದ್ದುಗುಂಡು ತಲುಪುತ್ತಿದೆಯೇ ಎಂಬುದು ವಿಡಿಯೊದಲ್ಲಿ ಗೊತ್ತಾಗುವುದಿಲ್ಲ. ಡ್ರೋನ್‌ಗಳು ಆಕಾಶ ತುಂಬಿರುವ ಈ ಯುದ್ಧದಲ್ಲಿ ಮುಂಚೂಣಿ ಎಂಬುದು ಒಂದು ಗೆರೆಯಾಗಿ ಉಳಿದಿಲ್ಲ. ಇಬ್ಬರ ಪೂರ್ಣ ಹಿಡಿತವೂ ಇಲ್ಲದ ಹಲವು ಕಿಲೋಮೀಟರ್ ಅಗಲದ ಪಟ್ಟಿಯಾಗಿದೆ. ನಕ್ಷೆ ತಯಾರಿಸುವವರು ಇದನ್ನು 'ಬೂದು ವಲಯ' ಎನ್ನುತ್ತಾರೆ. ಎರಡೂ ಕಡೆಯವರು ತಮಗೆ ಬೇಕಾದ ಹೇಳಿಕೆ ಕೊಡಲು ಜಾಗ ಸಿಗುವುದು ಇಲ್ಲೇ.

ಎರಡನೇ ಸಮಸ್ಯೆ, ಗಳಿಸಿದ ನೆಲವನ್ನು ಯಾವುದರ ಜೊತೆ ಹೋಲಿಸುತ್ತೇವೆ ಎಂಬುದು. ಅಮೆರಿಕದ ಚಿಂತಕರ ಚಾವಡಿ 'ಇನ್‌ಸ್ಟಿಟ್ಯೂಟ್ ಫಾರ್ ದಿ ಸ್ಟಡಿ ಆಫ್ ವಾರ್' ಲೆಕ್ಕದ ಪ್ರಕಾರ 2024ರ ಇಡೀ ವರ್ಷದಲ್ಲಿ ರಷ್ಯಾ ಸುಮಾರು 4,170 ಚದರ ಕಿ.ಮೀ. ನೆಲ ಗಳಿಸಿತು. ಇದು ಹೆಚ್ಚುಕಡಿಮೆ ನಮ್ಮ ಕೊಡಗು ಜಿಲ್ಲೆಯಷ್ಟು. ಮುಂಬೈ ಓದುಗರ ಲೆಕ್ಕದಲ್ಲಿ ಹೇಳುವುದಾದರೆ ಬೃಹನ್ಮುಂಬೈನ ಏಳು ಪಟ್ಟು. ಕೇಳಲು ದೊಡ್ಡದೆನಿಸುತ್ತದೆ. ಆದರೆ ಉಕ್ರೇನ್‌ನ ಒಟ್ಟು ವಿಸ್ತೀರ್ಣ 6.03 ಲಕ್ಷ ಚದರ ಕಿ.ಮೀ. ಅಂದರೆ ವರ್ಷವಿಡೀ ಗಳಿಸಿದ್ದು ಶೇ 0.7ರಷ್ಟು. ಅದೇ ವರ್ಷ ರಷ್ಯಾದ ಸಾವು–ನೋವು 4.2 ಲಕ್ಷ ದಾಟಿತು ಎಂಬುದು ಉಕ್ರೇನ್‌ನ ಲೆಕ್ಕ. 'ರಷ್ಯಾ ಮುನ್ನಡೆಯುತ್ತಿದೆ' ಎಂಬುದೂ ನಿಜ, 'ಈ ವೇಗದಲ್ಲಿ ಎಲ್ಲಿಗೂ ತಲುಪುವುದಿಲ್ಲ' ಎಂಬುದೂ ನಿಜ. ಸುದ್ದಿಯ ಶೀರ್ಷಿಕೆಗೆ ಯಾವುದು ಬರುತ್ತದೆ ಎಂಬುದು ಹೇಳುವವರ ಮೇಲೆ ನಿಂತಿದೆ.

ಉಕ್ರೇನ್ ಕಡೆಯ ಹೇಳಿಕೆಗಳಿಗೂ ಇದೇ ಪರೀಕ್ಷೆ ಬೇಕು. 2023ರ ಜೂನ್‌ನಲ್ಲಿ ಉಕ್ರೇನ್ ದೊಡ್ಡ ಪ್ರತಿದಾಳಿ ಆರಂಭಿಸಿತು. ದಕ್ಷಿಣದಲ್ಲಿ ಅಜೋವ್ ಸಮುದ್ರದತ್ತ ನುಗ್ಗಿ ರಷ್ಯಾ ಹಿಡಿತದ ಪ್ರದೇಶವನ್ನು ಇಬ್ಭಾಗ ಮಾಡುವ ಉದ್ದೇಶವಿತ್ತು. ತಿಂಗಳುಗಟ್ಟಲೆ 'ನಿಧಾನವಾದರೂ ಮುನ್ನಡೆ ಖಚಿತ' ಎಂಬ ಹೇಳಿಕೆಗಳು ಕೀವ್‌ನಿಂದಲೂ ಪಶ್ಚಿಮದ ರಾಜಧಾನಿಗಳಿಂದಲೂ ಬಂದವು. ನವೆಂಬರ್ 1ರಂದು ಉಕ್ರೇನ್ ಸೇನಾ ಮುಖ್ಯಸ್ಥ ವಲೇರಿ ಝಲುಝ್ನಿ ಬ್ರಿಟನ್‌ನ 'ದಿ ಎಕನಾಮಿಸ್ಟ್' ಪತ್ರಿಕೆಗೆ ನೀಡಿದ ಸಂದರ್ಶನದಲ್ಲಿ ಬೇರೆಯದೇ ಚಿತ್ರ ಕೊಟ್ಟರು. ಐದು ತಿಂಗಳಲ್ಲಿ ಸಾಧ್ಯವಾಗಿದ್ದು 17 ಕಿ.ಮೀ. ಮಾತ್ರ. ಪುಸ್ತಕದ ಲೆಕ್ಕದ ಪ್ರಕಾರ ನಾಲ್ಕು ತಿಂಗಳಲ್ಲಿ ಕ್ರೈಮಿಯಾ ತಲುಪಬೇಕಿತ್ತು. ಯುದ್ಧ ಯಾರೂ ಮುಂದೆ ಹೋಗಲಾಗದ ಸ್ಥಿತಿಗೆ ಬಂದಿದೆ ಎಂದು ಅವರು ಒಪ್ಪಿಕೊಂಡರು. ಕೆಲವೇ ದಿನಗಳಲ್ಲಿ ಝೆಲೆನ್‌ಸ್ಕಿ ಈ ಮಾತನ್ನು ಬಹಿರಂಗವಾಗಿ ನಿರಾಕರಿಸಿದರು. 2024ರ ಫೆಬ್ರುವರಿಯಲ್ಲಿ ಝಲುಝ್ನಿ ಅವರ ಜಾಗಕ್ಕೆ ಒಲೆಕ್ಸಾಂಡರ್ ಸಿರ್ಸ್ಕಿ ಬಂದರು.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಸೇನಾ ಮುಖ್ಯಸ್ಥರೊಬ್ಬರು 'ನಾವು ಮುಂದೆ ಹೋಗಿಲ್ಲ' ಎಂದರೆ ಅದರಿಂದ ಅವರಿಗೆ ಲಾಭವಿಲ್ಲ, ನಷ್ಟವೇ ಹೆಚ್ಚು. ಹೇಳುವವರಿಗೆ ನಷ್ಟ ತರುವ ಮಾತಿಗೆ, ಲಾಭ ತರುವ ಮಾತಿಗಿಂತ ತೂಕ ಜಾಸ್ತಿ.

ಎರಡನೇ ಅಳತೆಗೋಲು: ಸಾವಿನ ಲೆಕ್ಕ

ಯುದ್ಧದಲ್ಲಿ ಹೆಚ್ಚು ಸುಳ್ಳು ಹೇಳುವುದು ಸತ್ತವರ ಸಂಖ್ಯೆಯ ಬಗ್ಗೆ. ಶತ್ರುವಿನದ್ದು ಹೆಚ್ಚು, ತಮ್ಮದು ಕಡಿಮೆ ಎಂದು ಹೇಳುವುದು ಎಲ್ಲ ಸೇನೆಗಳ ಹಳೆಯ ಚಾಳಿ.

ರಷ್ಯಾ ರಕ್ಷಣಾ ಸಚಿವಾಲಯ ತನ್ನ ಕಡೆ ಸತ್ತವರ ಬಗ್ಗೆ ನೀಡಿದ ಅಧಿಕೃತ ಅಂಕಿ ಹೀಗಿದೆ: 2022ರ ಮಾರ್ಚ್ 2ರಂದು 498, ಮಾರ್ಚ್ 25ರಂದು 1,351, ಸೆಪ್ಟೆಂಬರ್ 21ರಂದು 5,937. ಕೊನೆಯ ಅಂಕಿಯನ್ನು ಅಂದಿನ ರಕ್ಷಣಾ ಸಚಿವ ಸೆರ್ಗೆಯ್ ಶೋಯಿಗು ಪ್ರಕಟಿಸಿದ ದಿನವೇ ಪುಟಿನ್ 3 ಲಕ್ಷ ಮೀಸಲು ಸೈನಿಕರನ್ನು ಕರೆಸಿಕೊಳ್ಳುವ ಆದೇಶ ಹೊರಡಿಸಿದರು. ಸತ್ತವರು ಆರು ಸಾವಿರಕ್ಕೂ ಕಡಿಮೆ ಎಂದಾದರೆ ಮೂರು ಲಕ್ಷ ಜನ ಏಕೆ ಬೇಕಾದರು ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. ಆನಂತರ ಸಚಿವಾಲಯ ಒಟ್ಟು ಮೃತರ ಸಂಖ್ಯೆ ಪ್ರಕಟಿಸುವುದನ್ನೇ ನಿಲ್ಲಿಸಿತು.

ಆ ಮೌನವನ್ನು ತುಂಬಿದ್ದು ಪತ್ರಕರ್ತರು. ಬಿಬಿಸಿಯ ರಷ್ಯನ್ ವಿಭಾಗ ಮತ್ತು ಸ್ವತಂತ್ರ ಮಾಧ್ಯಮ 'ಮೀಡಿಯಾಝೋನಾ' ಸ್ವಯಂಸೇವಕರ ಜೊತೆ ಸೇರಿ ಸತ್ತವರ ಹೆಸರುಗಳನ್ನು ಒಂದೊಂದಾಗಿ ಪಟ್ಟಿ ಮಾಡುತ್ತಾ ಬಂದಿವೆ. ಊರಿನ ಪತ್ರಿಕೆಯ ಶ್ರದ್ಧಾಂಜಲಿ, ಕುಟುಂಬದವರ ಸಾಮಾಜಿಕ ಜಾಲತಾಣದ ಪೋಸ್ಟ್, ಸ್ಥಳೀಯ ಅಧಿಕಾರಿಗಳ ಸಂತಾಪ ಸಂದೇಶ, ಸ್ಮಶಾನದ ಹೊಸ ಸಮಾಧಿಗಳು ಇವರ ಮೂಲ. ಈ ಪಟ್ಟಿ 2024ರ ಏಪ್ರಿಲ್‌ನಲ್ಲಿ 50 ಸಾವಿರ ದಾಟಿತು. 2025ರಲ್ಲಿ ಒಂದು ಲಕ್ಷ ದಾಟಿತು. ಇದು ಹೆಸರು ಸಿಕ್ಕವರ ಲೆಕ್ಕ ಮಾತ್ರ. ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚು ಎಂದು ಪಟ್ಟಿ ಮಾಡುವವರೇ ಹೇಳುತ್ತಾರೆ.

ಇನ್ನೊಂದು ವಿಧಾನ ಇನ್ನೂ ಕುತೂಹಲಕರ. ಸತ್ತವರ ಆಸ್ತಿ ಹಂಚಿಕೆಗೆ ವಾರಸುದಾರರು ಸಲ್ಲಿಸುವ ಅರ್ಜಿಗಳ ಸರ್ಕಾರಿ ದಾಖಲೆಯನ್ನು ಮೀಡಿಯಾಝೋನಾ ಮತ್ತು 'ಮೆಡುಝಾ' ಪರಿಶೀಲಿಸಿದವು. ಯುವಕರ ಹೆಸರಿನ ಇಂಥ ಅರ್ಜಿಗಳು ಸಾಮಾನ್ಯ ವರ್ಷಕ್ಕಿಂತ ಎಷ್ಟು ಹೆಚ್ಚಾಗಿವೆ ಎಂದು ಲೆಕ್ಕ ಹಾಕಿ, 2023ರ ಮೇ ಅಂತ್ಯದ ಹೊತ್ತಿಗೆ ಸುಮಾರು 47 ಸಾವಿರ ರಷ್ಯನ್ ಸೈನಿಕರು ಸತ್ತಿದ್ದಾರೆ ಎಂಬ ಅಂದಾಜಿಗೆ ಬಂದವು. ಸೇನೆ ಮುಚ್ಚಿಟ್ಟದ್ದನ್ನು ಆಸ್ತಿಯ ಕಾಗದಪತ್ರ ಹೇಳಿತು.

ಉಕ್ರೇನ್ ಎರಡು ವರ್ಷ ತನ್ನ ಕಡೆಯ ಸಾವಿನ ಸಂಖ್ಯೆಯನ್ನು ಗುಟ್ಟಾಗಿಟ್ಟಿತ್ತು. 2024ರ ಫೆಬ್ರುವರಿ 25ರಂದು ಝೆಲೆನ್‌ಸ್ಕಿ ಮೊದಲ ಬಾರಿಗೆ 31 ಸಾವಿರ ಸೈನಿಕರು ಸತ್ತಿದ್ದಾರೆ ಎಂದರು. ಅದೇ ವರ್ಷ ಡಿಸೆಂಬರ್‌ನಲ್ಲಿ 43 ಸಾವಿರ ಎಂದರು. ಆದರೆ ಇದಕ್ಕೂ ಮೊದಲೇ, 2023ರ ಆಗಸ್ಟ್‌ನಲ್ಲಿ, ಸತ್ತ ಉಕ್ರೇನ್ ಸೈನಿಕರ ಸಂಖ್ಯೆ 70 ಸಾವಿರದ ಹತ್ತಿರವಿದೆ ಎಂಬ ಅಮೆರಿಕ ಅಧಿಕಾರಿಗಳ ಅಂದಾಜನ್ನು 'ನ್ಯೂಯಾರ್ಕ್ ಟೈಮ್ಸ್' ವರದಿ ಮಾಡಿತ್ತು. ಉಕ್ರೇನ್‌ಗೆ ಶಸ್ತ್ರಾಸ್ತ್ರ ಕೊಡುತ್ತಿದ್ದ ದೇಶದ ಅಧಿಕಾರಿಗಳ ಅಂದಾಜೇ ಉಕ್ರೇನ್‌ನ ಅಧಿಕೃತ ಸಂಖ್ಯೆಯ ಎರಡು ಪಟ್ಟಿಗಿಂತ ಹೆಚ್ಚಿತ್ತು.

ಕನ್ನಡ ಓದುಗರು ಇಲ್ಲಿ ಒಂದು ಪದದ ಬಗ್ಗೆ ಎಚ್ಚರವಾಗಿರಬೇಕು. ಉಕ್ರೇನ್ ಸೇನೆ ಪ್ರತಿದಿನ ಬಿಡುಗಡೆ ಮಾಡುವ ರಷ್ಯಾದ 'ನಷ್ಟ'ದ ಸಂಖ್ಯೆ 2025ರ ಜೂನ್‌ನಲ್ಲಿ 10 ಲಕ್ಷ ದಾಟಿತು. ಇದು ಸತ್ತವರ ಸಂಖ್ಯೆಯಲ್ಲ. ಸತ್ತವರು, ಗಾಯಗೊಂಡವರು ಎಲ್ಲ ಸೇರಿದ್ದು. ಇಂಗ್ಲಿಷ್‌ನ 'ಕ್ಯಾಶುಯಲ್ಟಿ' ಎಂಬ ಪದದ ಅರ್ಥವೂ ಇದೇ. ಕನ್ನಡದಲ್ಲಿ ಇದಕ್ಕೆ 'ಸಾವು–ನೋವು' ಎಂಬ ಸರಿಯಾದ ಪದವೇ ಇದೆ. ಅದರಲ್ಲಿನ 'ನೋವು' ಬಿಟ್ಟುಹೋದರೆ ಸಂಖ್ಯೆ ಒಮ್ಮೆಲೇ ಹಲವು ಪಟ್ಟು ಹಿಗ್ಗುತ್ತದೆ. ಅಮೆರಿಕದ ಸಿಎಸ್‌ಐಎಸ್ ಸಂಸ್ಥೆ ಅದೇ ಜೂನ್‌ನಲ್ಲಿ ಮಾಡಿದ ಅಂದಾಜಿನ ಪ್ರಕಾರ ರಷ್ಯಾದ ಒಟ್ಟು ಸಾವು–ನೋವು 9.5 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಸತ್ತವರು ಗರಿಷ್ಠ 2.5 ಲಕ್ಷ.

ಮೂರನೇ ಅಳತೆಗೋಲು: ನಾಶವಾದ ಶಸ್ತ್ರಾಸ್ತ್ರ

ವಿಮಾನ, ಹಡಗು, ಟ್ಯಾಂಕ್‌ಗಳ ವಿಷಯದಲ್ಲಿ ಪರೀಕ್ಷೆ ಸ್ವಲ್ಪ ಸುಲಭ. ಅವು ದೊಡ್ಡವು, ಉಪಗ್ರಹಕ್ಕೆ ಕಾಣುತ್ತವೆ.

2022ರ ಆಗಸ್ಟ್ 9ರಂದು ಕ್ರೈಮಿಯಾದ ಸಾಕಿ ವಾಯುನೆಲೆಯಲ್ಲಿ ಸರಣಿ ಸ್ಫೋಟ ಸಂಭವಿಸಿತು. ಮದ್ದುಗುಂಡು ಸಂಗ್ರಹಕ್ಕೆ ಬೆಂಕಿ ಬಿದ್ದಿದೆ, ವಿಮಾನಗಳಿಗೆ ಹಾನಿಯಾಗಿಲ್ಲ ಎಂದು ರಷ್ಯಾ ಹೇಳಿತು. ಮರುದಿನ ಬಂದ ಉಪಗ್ರಹ ಚಿತ್ರಗಳಲ್ಲಿ ಕನಿಷ್ಠ ಏಳು ಯುದ್ಧವಿಮಾನಗಳು ಸುಟ್ಟು ಕರಕಲಾಗಿದ್ದು ಕಾಣಿಸಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಕಪ್ಪು ಸಮುದ್ರದ ರಷ್ಯಾ ನೌಕಾಪಡೆಯ ಮುಖ್ಯ ಹಡಗು 'ಮೋಸ್ಕ್ವಾ' ಮುಳುಗಿದಾಗಲೂ ಬೆಂಕಿ ಅವಘಡ, ನಂತರ ಬಿರುಗಾಳಿ ಎಂಬ ವಿವರಣೆ ಬಂತು. ತನ್ನ ನೆಪ್ಚೂನ್ ಕ್ಷಿಪಣಿಗಳು ಹಡಗಿಗೆ ಬಡಿದಿವೆ ಎಂದು ಉಕ್ರೇನ್ ಹೇಳಿತು. ಅಮೆರಿಕದ ಅಧಿಕಾರಿಗಳೂ ಅದನ್ನು ಸಮರ್ಥಿಸಿದರು.

ಉಕ್ರೇನ್ ಯಶಸ್ಸು ನಿಜವಾಗಿದ್ದಾಗಲೂ ಅದರ ಗಾತ್ರ ಹಿಗ್ಗಿದ್ದುಂಟು. 2025ರ ಜೂನ್ 1ರಂದು ಲಾರಿಗಳಲ್ಲಿ ಬಚ್ಚಿಟ್ಟ ಡ್ರೋನ್‌ಗಳಿಂದ ರಷ್ಯಾದ ಒಳನಾಡಿನ ವಾಯುನೆಲೆಗಳ ಮೇಲೆ ನಡೆಸಿದ 'ಸ್ಪೈಡರ್ ವೆಬ್' ದಾಳಿ ಜಗತ್ತನ್ನೇ ಬೆರಗುಗೊಳಿಸಿತು. 41 ವಿಮಾನಗಳಿಗೆ ಹಾನಿ ಮಾಡಿದ್ದೇವೆ ಎಂದು ಉಕ್ರೇನ್ ಹೇಳಿತು. ಸುಮಾರು 20 ವಿಮಾನಗಳಿಗೆ ಪೆಟ್ಟು ಬಿದ್ದಿದೆ, ಅವುಗಳಲ್ಲಿ ಸುಮಾರು 10 ನಾಶವಾಗಿವೆ ಎಂಬುದು ಅಮೆರಿಕ ಅಧಿಕಾರಿಗಳ ಅಂದಾಜು. ದಾಳಿಯ ಮಹತ್ವ ಇದರಿಂದ ಕಡಿಮೆಯಾಗುವುದಿಲ್ಲ, ಸಂಖ್ಯೆ ಮಾತ್ರ ಅರ್ಧಕ್ಕಿಳಿಯುತ್ತದೆ.

ಟ್ಯಾಂಕ್, ಫಿರಂಗಿಗಳ ಲೆಕ್ಕಕ್ಕೆ 'ಓರಿಕ್ಸ್' ಎಂಬ ಸ್ವತಂತ್ರ ಗುಂಪಿನ ಪಟ್ಟಿ ಪ್ರಸಿದ್ಧ. ಫೋಟೊ ಅಥವಾ ವಿಡಿಯೊ ಸಾಕ್ಷ್ಯ ಇದ್ದರೆ ಮಾತ್ರ ಅವರು ಲೆಕ್ಕಕ್ಕೆ ಸೇರಿಸುತ್ತಾರೆ. ಹಾಗಾಗಿ ಅವರ ಸಂಖ್ಯೆ 'ಕನಿಷ್ಠ ಇಷ್ಟು' ಎಂದು ಹೇಳುತ್ತದೆಯೇ ಹೊರತು 'ಇಷ್ಟೇ' ಎಂದಲ್ಲ.

ಸೋಲಿಗೆ ಹೊಸ ಹೆಸರು

ಅಂಕಿಗಳಷ್ಟೇ ಅಲ್ಲ, ಪದಗಳೂ ಕೆಲಸ ಮಾಡುತ್ತವೆ. ರಷ್ಯಾ ಈ ಯುದ್ಧವನ್ನು ಕರೆದಿದ್ದೇ 'ವಿಶೇಷ ಸೇನಾ ಕಾರ್ಯಾಚರಣೆ' ಎಂದು. 2022ರ ಮಾರ್ಚ್‌ನಲ್ಲಿ ಕೀವ್ ಸುತ್ತಲಿನ ದಾಳಿ ನಿಂತುಹೋದಾಗ, ಮೊದಲ ಹಂತದ ಮುಖ್ಯ ಗುರಿಗಳು ಬಹುತೇಕ ಈಡೇರಿವೆ ಎಂದು ರಷ್ಯಾ ಸೇನೆ ಘೋಷಿಸಿತು. ಜೂನ್ 30ರಂದು ಸ್ನೇಕ್ ಐಲ್ಯಾಂಡ್ ಬಿಟ್ಟು ಹೊರಟಾಗ ಅದು 'ಸದ್ಭಾವನೆಯ ನಡೆ' ಆಯಿತು. ಸೆಪ್ಟೆಂಬರ್‌ನಲ್ಲಿ ಖಾರ್ಕಿವ್ ಪ್ರಾಂತ್ಯದ ಇಝ್ಯೂಮ್ ಕೈತಪ್ಪಿದಾಗ ಅದನ್ನು 'ಪಡೆಗಳ ಮರುಹೊಂದಾಣಿಕೆ' ಎನ್ನಲಾಯಿತು.

ಉಕ್ರೇನ್ ಶಬ್ದಕೋಶವೂ ಬೇರೆಯಲ್ಲ. 2024ರ ಫೆಬ್ರುವರಿ 17ರಂದು ಅವ್ದಿವ್ಕಾ ನಗರದಿಂದ ಹಿಂದೆ ಸರಿದಾಗ 'ಹೆಚ್ಚು ಅನುಕೂಲಕರ ರಕ್ಷಣಾ ರೇಖೆಗೆ' ಪಡೆಗಳು ಹೋಗಿವೆ ಎಂದು ಹೇಳಲಾಯಿತು. ಯುದ್ಧದ ಆರಂಭದಲ್ಲಿ ಒಬ್ಬನೇ ಹಲವು ರಷ್ಯನ್ ವಿಮಾನಗಳನ್ನು ಹೊಡೆದುರುಳಿಸಿದ ಎಂದು ಹಬ್ಬಿದ 'ಕೀವ್‌ನ ಭೂತ' ಎಂಬ ಪೈಲಟ್ ನಿಜವಾದ ವ್ಯಕ್ತಿಯಲ್ಲ, ದಂತಕಥೆ ಎಂದು 2022ರ ಏಪ್ರಿಲ್‌ನಲ್ಲಿ ಉಕ್ರೇನ್ ವಾಯುಪಡೆಯೇ ಸ್ಪಷ್ಟಪಡಿಸಿತು. ಸ್ನೇಕ್ ಐಲ್ಯಾಂಡ್‌ನಲ್ಲಿ ಶರಣಾಗಲು ನಿರಾಕರಿಸಿ ಹುತಾತ್ಮರಾದರು ಎಂದು ಮೊದಲ ದಿನ ಘೋಷಿಸಲಾಗಿದ್ದ ಗಡಿ ಕಾವಲುಗಾರರು ಜೀವಂತವಾಗಿ ಸೆರೆಯಾಗಿದ್ದರು ಎಂಬುದು ನಂತರ ಗೊತ್ತಾಯಿತು.

ಪ್ರಶ್ನೆ ಕೇಳಿದವರಿಗೆ ಏನಾಯಿತು?

ಎರಡೂ ಕಡೆ ಉತ್ಪ್ರೇಕ್ಷೆ ಇದೆ ಎಂದ ಮಾತ್ರಕ್ಕೆ ಎರಡೂ ಒಂದೇ ಎಂದಲ್ಲ. ಹೇಳಿಕೆಯನ್ನು ಪ್ರಶ್ನಿಸುವವರಿಗೆ ಎಷ್ಟು ಅವಕಾಶವಿದೆ ಎಂಬುದರಲ್ಲಿ ದೊಡ್ಡ ವ್ಯತ್ಯಾಸ ಇದೆ.

2022ರ ಮಾರ್ಚ್ 4ರಂದು ರಷ್ಯಾ ಹೊಸ ಕಾನೂನು ತಂದಿತು. ಸೇನೆಯ ಬಗ್ಗೆ 'ಸುಳ್ಳು ಮಾಹಿತಿ' ಹರಡಿದರೆ 15 ವರ್ಷದವರೆಗೆ ಜೈಲು. ಯಾವುದು ಸುಳ್ಳು ಎಂದು ನಿರ್ಧರಿಸಲು ಅಳತೆಗೋಲು ರಕ್ಷಣಾ ಸಚಿವಾಲಯದ ಹೇಳಿಕೆಯೇ. ಮಾಸ್ಕೋದ ನಗರಸಭಾ ಸದಸ್ಯ ಅಲೆಕ್ಸೆಯ್ ಗೊರಿನೊವ್ ಸಭೆಯಲ್ಲಿ ಯುದ್ಧವನ್ನು ವಿರೋಧಿಸಿ ಮಾತನಾಡಿದ್ದಕ್ಕೆ 7 ವರ್ಷ ಶಿಕ್ಷೆಯಾಯಿತು. ಬೂಚಾ ಹತ್ಯಾಕಾಂಡದ ಬಗ್ಗೆ ಯೂಟ್ಯೂಬ್‌ನಲ್ಲಿ ಮಾತನಾಡಿದ ವಿರೋಧ ಪಕ್ಷದ ನಾಯಕ ಇಲ್ಯಾ ಯಾಶಿನ್ ಅವರಿಗೆ ಎಂಟೂವರೆ ವರ್ಷ. ಯುದ್ಧವನ್ನು ಬೆಂಬಲಿಸುತ್ತಲೇ ಅದನ್ನು ನಡೆಸುವ ರೀತಿಯನ್ನು ಟೀಕಿಸಿದ ಉಗ್ರ ರಾಷ್ಟ್ರವಾದಿ ಇಗೋರ್ ಗಿರ್ಕಿನ್ ಕೂಡ 2024ರ ಜನವರಿಯಲ್ಲಿ 4 ವರ್ಷಕ್ಕೆ ಜೈಲು ಸೇರಿದರು. ಬಖ್ಮುತ್‌ನಲ್ಲಿ ತನ್ನ 20 ಸಾವಿರ ಹೋರಾಟಗಾರರು ಸತ್ತರು ಎಂದು 2023ರ ಮೇನಲ್ಲಿ ಹೇಳಿದ್ದು ವಾಗ್ನರ್ ಪಡೆಯ ಮುಖ್ಯಸ್ಥ ಯೆವ್ಗೆನಿ ಪ್ರಿಗೋಝಿನ್. ಒಂದು ನಗರದಲ್ಲಿ ಒಂದು ಖಾಸಗಿ ಪಡೆಯ ಸಾವೇ ಸರ್ಕಾರದ ಅಧಿಕೃತ ಒಟ್ಟು ಸಂಖ್ಯೆಯ ಮೂರು ಪಟ್ಟಿಗಿಂತ ಹೆಚ್ಚು. ಮರುತಿಂಗಳೇ ಅವರು ಸೇನಾ ನಾಯಕತ್ವದ ವಿರುದ್ಧ ದಂಗೆಯೆದ್ದರು. ಆಗಸ್ಟ್‌ನಲ್ಲಿ ವಿಮಾನ ಪತನದಲ್ಲಿ ಸತ್ತರು.

ಉಕ್ರೇನ್‌ನಲ್ಲಿ ಸೇನಾ ಕಾನೂನು ಜಾರಿಯಲ್ಲಿದೆ. ಟಿವಿ ವಾಹಿನಿಗಳು ಒಂದೇ ಜಂಟಿ ಸುದ್ದಿ ಕಾರ್ಯಕ್ರಮ ಪ್ರಸಾರ ಮಾಡುವ ವ್ಯವಸ್ಥೆ ಯುದ್ಧದ ಆರಂಭದಲ್ಲೇ ಬಂತು. ದಾಳಿ ನಡೆದ ಜಾಗದ ವಿವರ ಪ್ರಕಟಿಸಲೂ ನಿರ್ಬಂಧವಿದೆ. ಆದರೂ ಅಲ್ಲಿನ ಆನ್‌ಲೈನ್ ಪತ್ರಿಕೋದ್ಯಮ ಸತ್ತಿಲ್ಲ. 2023ರ ಜನವರಿಯಲ್ಲಿ ಸೈನಿಕರ ಊಟಕ್ಕೆ ಒಂದು ಮೊಟ್ಟೆಗೆ 17 ಹ್ರಿವ್ನಿಯಾದಂತೆ, ಅಂಗಡಿ ದರಕ್ಕಿಂತ ಬಹಳ ಹೆಚ್ಚು ಬೆಲೆಗೆ, ಗುತ್ತಿಗೆ ಕೊಟ್ಟಿದ್ದನ್ನು ಸ್ಥಳೀಯ ಪತ್ರಿಕೆಯೊಂದು ಬಯಲಿಗೆಳೆಯಿತು. ರಕ್ಷಣಾ ಇಲಾಖೆಯ ಉಪಸಚಿವರು ರಾಜೀನಾಮೆ ಕೊಟ್ಟರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಕ್ಷಣಾ ಸಚಿವರೇ ಬದಲಾದರು.

ಪಶ್ಚಿಮ ರಾಷ್ಟ್ರಗಳ ಹೇಳಿಕೆಗಳೂ ಈ ಪಟ್ಟಿಯಿಂದ ಹೊರಗಿಲ್ಲ. 2022ರ ಮಾರ್ಚ್‌ನಲ್ಲಿ ಅಂದಿನ ಅಮೆರಿಕ ಅಧ್ಯಕ್ಷ ಜೋ ಬೈಡನ್, ನಿರ್ಬಂಧಗಳಿಂದ ರಷ್ಯಾದ ರೂಬಲ್ ಮಣ್ಣುಪಾಲಾಗಿದೆ ಎಂಬರ್ಥದ ಮಾತು ಹೇಳಿದ್ದರು. ಕೆಲವೇ ತಿಂಗಳಲ್ಲಿ ರೂಬಲ್ ಚೇತರಿಸಿಕೊಂಡಿತು. 2023ರಲ್ಲಿ ರಷ್ಯಾದ ಆರ್ಥಿಕತೆ ಶೇ 3ಕ್ಕೂ ಹೆಚ್ಚು ಬೆಳೆಯಿತು. ಹಾಗೆಂದು 'ನಿರ್ಬಂಧದಿಂದ ಏನೂ ಆಗಿಲ್ಲ' ಎಂಬ ಮಾಸ್ಕೋದ ಮಾತೂ ಪೂರ್ತಿ ನಿಜವಲ್ಲ. ಬೆಲೆ ಏರಿಕೆ ತಡೆಯಲು ರಷ್ಯಾದ ಕೇಂದ್ರ ಬ್ಯಾಂಕ್ 2024ರ ಅಕ್ಟೋಬರ್‌ನಲ್ಲಿ ಬಡ್ಡಿದರವನ್ನು ಶೇ 21ಕ್ಕೆ ಏರಿಸಬೇಕಾಯಿತು.

ಹಿಂದೆಯೂ ಹೀಗೇ ಆಗಿತ್ತು

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಸೇನೆಗೆ ಮುಂಚೂಣಿ ಎಂಬ ಗೆರೆ ಇರಲಿಲ್ಲ. ಹಾಗಾಗಿ ಕೊಂದ ಶತ್ರುಗಳ ಹೆಣ ಎಣಿಸುವುದೇ ಮುನ್ನಡೆಯ ಅಳತೆಯಾಯಿತು. ಎಣಿಕೆ ಹೆಚ್ಚಾದರೆ ಅಧಿಕಾರಿಗೆ ಬಡ್ತಿ. ಹಾಗಾಗಿ ಎಣಿಕೆ ಹೆಚ್ಚುತ್ತಲೇ ಹೋಯಿತು, ಸತ್ತ ನಾಗರಿಕರೂ ಅದರಲ್ಲಿ ಸೇರಿದರು. ಸೈಗಾನ್‌ನಲ್ಲಿ ಸೇನೆ ಪ್ರತಿ ಸಂಜೆ ನಡೆಸುತ್ತಿದ್ದ ಪತ್ರಿಕಾಗೋಷ್ಠಿಯನ್ನು ವರದಿಗಾರರು 'ಐದು ಗಂಟೆಯ ಪ್ರಹಸನ' ಎಂದು ಗೇಲಿ ಮಾಡುತ್ತಿದ್ದರು. 1967ರ ನವೆಂಬರ್‌ನಲ್ಲಿ ಜನರಲ್ ವಿಲಿಯಂ ವೆಸ್ಟ್‌ಮೊರ್‌ಲ್ಯಾಂಡ್ ಯುದ್ಧದ ಅಂತ್ಯ ಕಣ್ಣಿಗೆ ಕಾಣತೊಡಗಿದೆ ಎಂದರು. ಎರಡೇ ತಿಂಗಳಲ್ಲಿ, 1968ರ ಜನವರಿ ಕೊನೆಗೆ, ದಕ್ಷಿಣ ವಿಯೆಟ್ನಾಂನ ನೂರಕ್ಕೂ ಹೆಚ್ಚು ಪಟ್ಟಣಗಳ ಮೇಲೆ 'ಟೆಟ್' ದಾಳಿ ನಡೆಯಿತು. ಸೈಗಾನ್‌ನ ಅಮೆರಿಕ ರಾಯಭಾರ ಕಚೇರಿಯ ಆವರಣಕ್ಕೂ ಶತ್ರುಗಳು ನುಗ್ಗಿದರು. ಸೈನಿಕವಾಗಿ ಆ ದಾಳಿ ವಿಫಲವಾಯಿತು. ಆದರೆ ಸರ್ಕಾರದ ಮಾತಿನ ಮೇಲೆ ಅಮೆರಿಕನ್ನರಿಗಿದ್ದ ನಂಬಿಕೆ ಮುರಿಯಿತು. ನಾಯಕರು ಖಾಸಗಿಯಾಗಿ ಅನುಮಾನಪಡುತ್ತಾ ಬಹಿರಂಗವಾಗಿ ಭರವಸೆ ಕೊಡುತ್ತಿದ್ದರು ಎಂಬುದು 1971ರಲ್ಲಿ 'ಪೆಂಟಗನ್ ಪೇಪರ್ಸ್' ಪ್ರಕಟವಾದಾಗ ಜಗಜ್ಜಾಹೀರಾಯಿತು.

ಅಫ್ಗಾನಿಸ್ತಾನದಲ್ಲೂ ಅದೇ ಕಥೆ. 2019ರ ಡಿಸೆಂಬರ್‌ನಲ್ಲಿ 'ವಾಷಿಂಗ್ಟನ್ ಪೋಸ್ಟ್' ಕಾನೂನು ಹೋರಾಟ ನಡೆಸಿ ಪಡೆದ ಸುಮಾರು 2,000 ಪುಟಗಳ ಸಂದರ್ಶನಗಳಲ್ಲಿ, ಯುದ್ಧ ಸರಿಯಾಗಿ ಸಾಗುತ್ತಿಲ್ಲ ಎಂಬುದು ಒಳಗಿನವರಿಗೆ ವರ್ಷಗಳಿಂದ ಗೊತ್ತಿತ್ತು ಎಂಬುದು ಬಯಲಾಯಿತು. ಇನ್ನೊಂದು ಸಣ್ಣ ವಿಷಯ ಅಷ್ಟಾಗಿ ಸುದ್ದಿಯಾಗಲಿಲ್ಲ. ಎಷ್ಟು ಜಿಲ್ಲೆಗಳು ಅಫ್ಗಾನ್ ಸರ್ಕಾರದ ಹಿಡಿತದಲ್ಲಿವೆ, ಎಷ್ಟು ತಾಲಿಬಾನ್ ಹಿಡಿತದಲ್ಲಿವೆ ಎಂಬ ಲೆಕ್ಕವನ್ನು ಅಮೆರಿಕ ನೇತೃತ್ವದ ಪಡೆ 2019ರಲ್ಲಿ ನಿಲ್ಲಿಸಿಬಿಟ್ಟಿತು. ಎರಡು ವರ್ಷದ ನಂತರ, 2021ರ ಆಗಸ್ಟ್ 15ರಂದು, ಕಾಗದದ ಮೇಲೆ 3 ಲಕ್ಷ ಬಲವಿದ್ದ ಅಫ್ಗಾನ್ ಪಡೆಗಳು ಕುಸಿದು ಕಾಬೂಲ್ ಬಿತ್ತು.

ರಷ್ಯಾ ಸಾವಿನ ಲೆಕ್ಕ ನಿಲ್ಲಿಸಿದ್ದನ್ನೂ ಇದನ್ನೂ ಒಟ್ಟಿಗೆ ಇಟ್ಟು ನೋಡಿ. ಅಂಕಿ ಚೆನ್ನಾಗಿದ್ದಾಗ ಅದನ್ನು ಯಾರೂ ಮುಚ್ಚಿಡುವುದಿಲ್ಲ.

ಕನ್ನಡಿಗರಿಗೂ ಇದಕ್ಕೂ ಏನು ಸಂಬಂಧ?

ಯುದ್ಧದ ಮೊದಲ ದಿನ ರಷ್ಯಾ ರಕ್ಷಣಾ ಸಚಿವಾಲಯ ಕೊಟ್ಟ ಭರವಸೆ ಹೀಗಿತ್ತು: ನಾವು ನಗರಗಳ ಮೇಲೆ ದಾಳಿ ಮಾಡುತ್ತಿಲ್ಲ, ನಿಖರ ಶಸ್ತ್ರಾಸ್ತ್ರಗಳಿಂದ ಸೇನಾ ನೆಲೆಗಳನ್ನಷ್ಟೇ ಹೊಡೆಯುತ್ತಿದ್ದೇವೆ, ನಾಗರಿಕರಿಗೆ ಅಪಾಯವಿಲ್ಲ. ಆರನೇ ದಿನ, 2022ರ ಮಾರ್ಚ್ 1ರಂದು, ಖಾರ್ಕಿವ್‌ನಲ್ಲಿ ಆಹಾರ ಸಾಮಗ್ರಿ ತರಲು ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬರು ಶೆಲ್ ದಾಳಿಗೆ ಬಲಿಯಾದರು. ಅವರ ಮೃತದೇಹ ಊರು ತಲುಪಿದ್ದು ಸುಮಾರು ಮೂರು ವಾರದ ನಂತರ. 'ನಿಖರ ದಾಳಿ' ಎಂಬ ಪದದ ಅರ್ಥವನ್ನು ಕರ್ನಾಟಕ ತಿಳಿದುಕೊಂಡಿದ್ದು ಹೀಗೆ.

ಎರಡು ವರ್ಷದ ಬಳಿಕ ಇನ್ನೊಂದು ಸುದ್ದಿ ಬಂತು. ಸಹಾಯಕ, ಭದ್ರತಾ ಸಿಬ್ಬಂದಿ ಕೆಲಸ ಎಂದು ನಂಬಿ ಏಜೆಂಟರ ಮೂಲಕ ರಷ್ಯಾಕ್ಕೆ ಹೋದ ಕಲಬುರಗಿ ಮತ್ತು ತೆಲಂಗಾಣದ ಯುವಕರು ಸೇನೆಯಲ್ಲಿ ಸಿಲುಕಿಕೊಂಡಿದ್ದರು. ಹೈದರಾಬಾದ್‌ನ ಯುವಕರೊಬ್ಬರು ಯುದ್ಧಭೂಮಿಯಲ್ಲೇ ಸತ್ತರು. 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ನೀಡಿದ ಮಾಹಿತಿ ಪ್ರಕಾರ ರಷ್ಯಾ ಸೇನೆ ಸೇರಿದ್ದ 126 ಭಾರತೀಯರಲ್ಲಿ 96 ಮಂದಿ ವಾಪಸಾಗಿದ್ದರು, 12 ಮಂದಿ ಸತ್ತಿದ್ದರು, 16 ಮಂದಿ ನಾಪತ್ತೆಯಾಗಿದ್ದರು.

'ಎಲ್ಲವೂ ಯೋಜನೆಯಂತೆ ನಡೆಯುತ್ತಿದೆ' ಎನ್ನುವ ಸೇನೆಗೆ ಸಾವಿರಾರು ಮೈಲಿ ದೂರದ ಕಲಬುರಗಿಯ ಹುಡುಗರು ಏಕೆ ಬೇಕು? ಈ ಪ್ರಶ್ನೆಯನ್ನು ಏಜೆಂಟರ ವಿಡಿಯೊ ನೋಡುವ ಮುನ್ನ ಕೇಳಿಕೊಂಡಿದ್ದರೆ ಕೆಲವು ಮನೆಗಳ ಕಥೆ ಬೇರೆಯಾಗುತ್ತಿತ್ತೋ ಏನೋ. ಯುದ್ಧದ ಸುದ್ದಿಯನ್ನು ಅನುಮಾನಿಸಿ ಓದುವುದು ಬರೀ ಬುದ್ಧಿವಂತಿಕೆಯ ಪ್ರಶ್ನೆಯಲ್ಲ.

ಮುಂದಿನ ಬಾರಿ 'ಮುನ್ನಡೆ' ಸುದ್ದಿ ಓದುವಾಗ ಕೇಳಬೇಕಾದ ಪ್ರಶ್ನೆಗಳು

1. ಯಾರು ಹೇಳಿದ್ದು? ಸೇನೆಯೇ ಹೇಳಿದ್ದರೆ ಅದು ಹೇಳಿಕೆ. ಮೂರನೆಯವರು ಪರಿಶೀಲಿಸಿದ್ದರೆ ಮಾತ್ರ ಮಾಹಿತಿ. ಸುದ್ದಿಯಲ್ಲಿ 'ಎಂದು ಸೇನೆ ಹೇಳಿದೆ' ಎಂಬ ಪದಗಳಿವೆಯೇ ನೋಡಿ.

2. ಅಳತೆಗೋಲು ಯಾವುದು? ನೆಲವೋ, ಸಾವಿನ ಸಂಖ್ಯೆಯೋ, ಶಸ್ತ್ರಾಸ್ತ್ರವೋ? ಕಳೆದ ತಿಂಗಳು ನೆಲದ ಬಗ್ಗೆ ಹೇಳುತ್ತಿದ್ದವರು ಈಗ ಶತ್ರುವಿನ ಸಾವಿನ ಬಗ್ಗೆ ಮಾತ್ರ ಹೇಳುತ್ತಿದ್ದರೆ ಏಕೆ ಎಂದು ಕೇಳಿ.

3. ಮೊದಲು ಹೇಳಿದ ಗುರಿ ಏನಿತ್ತು? ಸಾಧನೆಯನ್ನು ಹೋಲಿಸಬೇಕಾದದ್ದು ಆ ಗುರಿಯ ಜೊತೆ, ನಿನ್ನೆಯ ಸ್ಥಿತಿಯ ಜೊತೆ ಮಾತ್ರ ಅಲ್ಲ.

4. 'ನಷ್ಟ' ಎಂದರೆ ಸತ್ತವರೋ, ಗಾಯಾಳುಗಳೂ ಸೇರಿದ್ದಾರೋ?

5. ಸಾಕ್ಷ್ಯ ಏನನ್ನು ತೋರಿಸುತ್ತದೆ? ಬಾವುಟದ ವಿಡಿಯೊ, ಫಲಕದ ಮುಂದಿನ ವಿಡಿಯೊ ಎರಡೂ ಒಂದು ಕ್ಷಣದ ಸಾಕ್ಷ್ಯ ಮಾತ್ರ. ಇಡೀ ಊರಿನ ಕಥೆ ಅದರಲ್ಲಿಲ್ಲ.

6. ಯಾವ ಅಂಕಿ ಬರುವುದು ನಿಂತಿದೆ? ಪ್ರಕಟವಾದದ್ದನ್ನು ಓದುವಷ್ಟೇ ಗಮನ ಪ್ರಕಟವಾಗದೇ ಹೋದದ್ದರ ಮೇಲೂ ಇರಲಿ.

7. ಇದು ಸುಳ್ಳು ಎಂದು ಆ ದೇಶದಲ್ಲಿ ಯಾರಾದರೂ ಹೇಳಿದರೆ ಅವರಿಗೆ ಏನಾಗುತ್ತದೆ? ಜೈಲು ಎಂಬ ಉತ್ತರ ಬಂದರೆ, ವಿರೋಧದ ದನಿ ಕೇಳಿಸುತ್ತಿಲ್ಲ ಎಂಬುದು ಹೇಳಿಕೆ ನಿಜ ಎಂಬುದಕ್ಕೆ ಪುರಾವೆಯಾಗುವುದಿಲ್ಲ.

ಇಷ್ಟೆಲ್ಲ ಕೇಳಿದರೂ ಆ ದಿನವೇ ಉತ್ತರ ಸಿಗಬೇಕೆಂದಿಲ್ಲ. ಉಪಗ್ರಹ ಚಿತ್ರ ಬರಲು ಒಂದೆರಡು ದಿನ ಬೇಕು, ವಿಡಿಯೊದ ಜಾಗ ಗುರುತಿಸಲು ಇನ್ನಷ್ಟು ಸಮಯ ಬೇಕು, ಸತ್ತವರ ಹೆಸರು ಸಿಗಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಸುದ್ದಿಯನ್ನು 'ಇನ್ನೂ ಖಚಿತವಾಗಿಲ್ಲ' ಎಂಬ ಖಾನೆಯಲ್ಲಿಡುವುದೇ ಸರಿ. ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುವುದೂ ಅಲ್ಲಿಯವರೆಗೆ ಕಾಯಬಹುದು.